ಜಾಳಿ ಕಟ್ಟಿದ ಮೈದಾನ

ಬುಧವಾರ ಬೆಳಿಗ್ಗೆ ಎರಡನೇ ಪಿರಿಯಡ್ಡಿಗೆ ಸರಿಯಾಗಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯರಿಗೆಲ್ಲ ಹೊಟ್ಟೆ ನೋಯುತ್ತಿತ್ತು. ಶುಕ್ರವಾರ ತಲೆ ನೋಯುತ್ತಿತ್ತು. ಆ ಎರಡು ದಿನ ಆ ಪಿರಿಯಡ್ಡು ನನ್ನದು, ಅಂದರೆ ಆಟದ್ದು. ಗಣಿತಕ್ಕೆ ನೋಯದ ಹೊಟ್ಟೆ ನನ್ನ ಸೀಟಿ ಕೇಳಿದ ಕೂಡಲೇ ಹೇಗೆ ನೋಯುತ್ತದೆಂದು ನಾನು ಕೂಗಾಡುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡು, ವೇಲು ಸರಿಮಾಡಿಕೊಂಡು, ಬೇವಿನ ಮರದ ಕಟ್ಟೆಯ ಮೇಲೆ ಸಾಲಾಗಿ ಕೂತುಬಿಡುತ್ತಿದ್ದರು. ಬೈಸಿಕೊಳ್ಳುವುದರಲ್ಲಿ ಅವರಷ್ಟು ಪಳಗಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ದೈಹಿಕ ಶಿಕ್ಷಕಿ. ಹುಟ್ಟಿದ್ದು ನಿಪ್ಪಾಣಿ ಕಡೆ, ನೌಕರಿ ಕಾಗವಾಡ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಮಕ್ಕಳು ನನ್ನನ್ನು ಅಕ್ಕೋರು ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೆಂಬುದೂ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸೀಟಿ ಊದಿ ಊದಿ ಮಾತೂ ಸೀಟಿಯಂತೆಯೇ ಆಗಿದೆ ಎಂದು ಗಂಡ ಹೇಳುತ್ತಾನೆ. ಹೇಳಿಕೊಳ್ಳಲಿ, ಅವನೇನು ಮೈದಾನದಲ್ಲಿ ನಿಂತವನಲ್ಲ.

ತರಬೇತಿಗಳಿಗೆ ಹೋದಾಗ ನಮಗೆ 'ಪ್ರೇರಣೆ' ಎಂಬ ಮಾತು ಕೊಟ್ಟು ಕಳಿಸುತ್ತಾರೆ. ಮಕ್ಕಳಲ್ಲಿ ಪ್ರೇರಣೆ ತುಂಬಿರಿ ಎನ್ನುತ್ತಾರೆ, ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿದ ಹಾಗೆ. ನಾನೂ ತುಂಬಿ ನೋಡಿದೆ. ಅಂಕ ಕತ್ತರಿಸುತ್ತೇನೆಂದು ಹೆದರಿಸಿದೆ. ಆಟದ ಅಂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಶೇಂಗಾ ಚಿಕ್ಕಿ ತಂದೆ. ಚಿಕ್ಕಿ ತಿಂದರು, ಕೈ ಒರೆಸಿಕೊಂಡರು, ಕಟ್ಟೆಗೆ ಹೋಗಿ ಕೂತರು. ಆಟ ಆಡಿದರೆ ರಕ್ತ ಶುದ್ಧವಾಗುತ್ತದೆ, ಮೂಳೆ ಗಟ್ಟಿಯಾಗುತ್ತದೆ ಎಂದು ಭಾಷಣ ಮಾಡಿದೆ. ನಡುವೆ ಒಬ್ಬಳು ಬಾಯಿ ಮುಚ್ಚಿಕೊಳ್ಳದೆ ಆಕಳಿಸಿದಳು.

ಆ ವರ್ಷ ಮಳೆಗಾಲದ ನಡುವೆ ಮುಖ್ಯೋಪಾಧ್ಯಾಯರು ನನ್ನನ್ನು ಕೋಣೆಗೆ ಕರೆಸಿದರು. ಅವರೇ ಗಣಿತ ಪಾಠ ಮಾಡುವವರು. ಮಾತು ಮೆದು, ಆದರೆ ಹಿಡಿದದ್ದನ್ನು ಬಿಡುವವರಲ್ಲ.

"ಅಕ್ಕೋರ, ಹೆಂಗೂ ಹುಡುಗ್ಯಾರು ಕಟ್ಟಿ ಮ್ಯಾಲೆ ಕುಂದರ್ತಾರ. ಕುಂದ್ರೂದ ಆದ್ರ ಕ್ಲಾಸಿನ್ಯಾಗ ಕುಂತು ಗಣಿತಾ ಮಾಡ್ಲಿ," ಎಂದರು. "ತಾಲ್ಲೂಕ ಕ್ರೀಡಾಕೂಟಕ್ಕ ಈ ಸಲನೂ ಹುಡುಗ್ಯಾರ ಟೀಮ್ ಹೋಗ್ಲಿಲ್ಲಂದ್ರ ಆ ಎರಡೂ ಪಿರಿಯಡ್ ನನಗ ಕೊಟ್ಟಬಿಡ್ರಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಒಮ್ಮೆ ಗಣಿತಕ್ಕೆ ಹೋದ ಪಿರಿಯಡ್ಡು ತಿರುಗಿ ಆಟಕ್ಕೆ ಬಂದದ್ದನ್ನು ನನ್ನ ನೌಕರಿಯಲ್ಲಿ ನಾನು ನೋಡಿಲ್ಲ. ಈ ಹುಡುಗಿಯರು ಹತ್ತನೆಯದನ್ನು ಮುಗಿಸುತ್ತಾರೆ, ಆಮೇಲೆ ಯಾರದೋ ಮನೆಯ ಅಡುಗೆಮನೆಯಲ್ಲಿ ನಿಂತುಬಿಡುತ್ತಾರೆ. ಅಷ್ಟರೊಳಗೆ ಒಂದು ದಿನವಾದರೂ ಉಸಿರು ಸಿಕ್ಕಿಕೊಳ್ಳುವ ಹಾಗೆ ಓಡಿ ನೋಡಲಿ ಎಂಬುದಷ್ಟೇ ನನ್ನ ಆಸೆ. ದೊಡ್ಡ ಆಸೆ ಏನಲ್ಲ ಅದು.

ಖೋ ಖೋ ಟೀಮ್ ಕಟ್ಟುವುದೆಂದು ಹಟ ಹಿಡಿದೆ. ಯಾರನ್ನು ಮೊದಲು ಎಬ್ಬಿಸಬೇಕೆಂಬುದೂ ನನಗೆ ಗೊತ್ತಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ ಒಬ್ಬ ಹುಡುಗಿ ಇದ್ದಳು. ಮೊಣಕಾಲು ತಾಗುವ ಎರಡು ಜಡೆ, ಮಾತು ಕಡಿಮೆ. ಒಂದು ದಿನ ಬಿಸಿಯೂಟದ ಹೊತ್ತಿನಲ್ಲಿ ಚಿಕ್ಕ ತರಗತಿಯ ಮಗುವಿನ ತಟ್ಟೆಯಿಂದ ನಾಯಿಯೊಂದು ತತ್ತಿ ಕಚ್ಚಿಕೊಂಡು ಓಡಿತ್ತು. ಈ ಹುಡುಗಿ ಅಡುಗೆಕೋಣೆಯ ಹಿಂದೆ ಆ ನಾಯಿಯನ್ನು ಅಟ್ಟಿಸಿಕೊಂಡು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಾಯಿ ತಿರುಗಿದಲ್ಲೆಲ್ಲ ಅವಳೂ ತಿರುಗಿದಳು. ತತ್ತಿ ಹೋದದ್ದು ಹೋಯಿತು, ಆದರೆ ನಾಯಿ ಮಾತ್ರ ಹೆದರಿ ಕಬ್ಬಿನೊಳಗೆ ಹೊಕ್ಕಿತು. ಅಂಥ ಕಾಲು ಇಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಾಳಲ್ಲ ಎಂದು ನನಗೆ ಹೊಟ್ಟೆಯುರಿ.

ಮರುದಿನ ಅವಳನ್ನು ಬೇರೆ ಕರೆದು ಜೋರು ಮಾಡಿದೆ. "ನಾಯಿ ಬೆನ್ನ ಹತ್ತಿದಾಗ ಹೊಟ್ಟಿ ನೋಯಿಲಿಲ್ಲೇನ?"

ಅವಳು ಬೇವಿನ ಮರದ ಕಡೆ ಕೈ ತೋರಿಸಿ, "ಅಕ್ಕೋರ, ನೀವು ಒಮ್ಮಿ ನಮ್ಮ ಕಟ್ಟಿ ಮ್ಯಾಲೆ ಬಂದು ಕುಂದರ್ರಿ," ಎಂದಳು.

ಇದೇನು ಉದ್ಧಟತನ ಎಂದುಕೊಂಡರೂ ಹೋಗಿ ಕೂತೆ. ನಮ್ಮ ಮೈದಾನದ ಪೂರ್ವಕ್ಕೆ ಮಿರಜಕ್ಕೆ ಹೋಗುವ ರಸ್ತೆ. ನಡುವೆ ಸೊಂಟದೆತ್ತರದ ತಂತಿಬೇಲಿ ಮಾತ್ರ. ರಸ್ತೆಯ ಆಚೆ ಚಹಾದ ಅಂಗಡಿ, ಅದರ ಮುಂದೆ ಕೂರಲು ಉದ್ದನೆಯ ಬಾಕು, ಬಾಕಿನ ಮುಂದೆ ನಿಲ್ಲಿಸಿದ ಬೈಕುಗಳು. ಬಾಕಿನ ಮೇಲೆ ಕೂತ ಗಂಡಸರೆಲ್ಲರ ಮುಖ ನಮ್ಮ ಮೈದಾನದ ಕಡೆಗೇ ಇತ್ತು. ಬೇರೆ ಕಡೆ ನೋಡಲು ಅವರಿಗೆ ಏನೂ ಇರಲಿಲ್ಲ. ನಾನು ಯಾವಾಗಲೂ ರಸ್ತೆಗೆ ಬೆನ್ನು ಮಾಡಿ ನಿಂತು ಸೀಟಿ ಊದುತ್ತಿದ್ದವಳು, ಈ ನೋಟ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಓಡಿದ್ರ ನೋಡ್ತಾರ್ರಿ, ನಗ್ತಾರ್ರಿ," ಎಂದಳು ಹುಡುಗಿ. "ನಾವು ಸಂಜಿಗೆ ಮನಿ ಮುಟ್ಟೂದ್ರಾಗ ಸುದ್ದಿ ಮನಿ ಮುಟ್ಟಿರ್ತೈತ್ರಿ. ಅಡಿಗಿಮನಿ ಹಿಂದ ಯಾರಿಗೂ ಕಾಣಂಗಿಲ್ಲಲ್ರಿ, ಅದಕ್ಕ ಓಡಿದೆ."

ಕಟ್ಟೆಯ ಮೇಲಿದ್ದ ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ಇಷ್ಟು ದಿನ ಇವರ ಹೊಟ್ಟೆನೋವನ್ನು ಸೋಮಾರಿತನ ಎಂದುಕೊಂಡಿದ್ದೆ. ಎಲ್ಲರೂ ಕೂಡಿ ನಡೆಸುತ್ತಿದ್ದ ಸಣ್ಣ ಮುಷ್ಕರವಾಗಿತ್ತು ಅದು.

ಕಂಪೌಂಡ್ ಗೋಡೆ ಬೇಕೆಂದು ಶಾಲೆಯಿಂದ ಕೇಳಿಕೊಳ್ಳುತ್ತಲೇ ಇದ್ದರು, ಗೋಡೆ ಏಳುತ್ತಲೇ ಇರಲಿಲ್ಲ. ದಾರಿ ಹುಡುಕಿದವಳು ಆ ಎತ್ತರದ ಹುಡುಗಿಯೇ. ಅವರದು ದ್ರಾಕ್ಷಿ ತೋಟದ ಮನೆ, ಒಣದ್ರಾಕ್ಷಿ, ಇಲ್ಲಿಯ ಮಾತಿನಲ್ಲಿ ಬ್ಯಾದಾಣಿ, ಮಾಡುವವರು. ಬೇಸಿಗೆಯಲ್ಲಿ ಹಣ್ಣನ್ನು ಶೆಡ್ಡಿನ ಅಟ್ಟಣೆಗಳ ಮೇಲೆ ಹರವಿ, ಬಿಸಿಲು ನೇರವಾಗಿ ತಾಗದಂತೆ ಸುತ್ತಲೂ ಬಲೆಯಂಥ ಹಸಿರು ಪರದೆ, ಅಂದರೆ ಜಾಳಿ, ಕಟ್ಟುತ್ತಾರೆ. ಮಳೆಗಾಲದಲ್ಲಿ ಆ ಜಾಳಿಗೆ ಕೆಲಸವಿಲ್ಲ, ಸುತ್ತಿಟ್ಟಿರುತ್ತಾರೆ.

"ಬ್ಯಾದಾಣಿ ಶೆಡ್ಡಿನ ಜಾಳಿ ಕಟ್ಟೂಣ್ರಿ," ಎಂದಳು. "ಅಣ್ಣಗ ಕೇಳೇನ್ರಿ. ಒಯ್ಯಿ ಅಂದಾನ."

ಅಣ್ಣ ಅಂದರೆ ತೋಟ ನೋಡಿಕೊಳ್ಳುವವನು. ತಂದೆ ಇದ್ದರೂ ಮನೆಯಲ್ಲಿ ನಡೆಯುವುದು ಅವನ ಮಾತು. ಅವನೇ ಟಂಟಂ ಗಾಡಿಯಲ್ಲಿ ಜಾಳಿಯ ಸುರುಳಿಗಳನ್ನು ತಂದು ಇಳಿಸಿದ. ಇಪ್ಪತ್ತೈದರ ಆಸುಪಾಸಿನ, ಕೆಲಸದಿಂದ ಕಪ್ಪಾದ, ಗಂಭೀರ ಹುಡುಗ. ಗಾಳಿಗೆ ಹರಿಯದಂತೆ ಗಂಟು ಹೇಗೆ ಹಾಕಬೇಕೆಂದು ತಂಗಿಯ ಗೆಳತಿಯರಿಗೆ ತೋರಿಸಿಕೊಟ್ಟು ಹೋದ. ಹುಡುಗಿಯರು ಬಿದಿರು ಗಳ ನೆಟ್ಟು ರಸ್ತೆಯ ಉದ್ದಕ್ಕೂ ಜಾಳಿ ಬಿಗಿದರು. ಎರಡು ದಿನ ಬಿಟ್ಟು ಸಾಂಗಲಿ ಕಡೆಯ ವ್ಯಾಪಾರಿಯೊಬ್ಬ ಕಾರು ನಿಲ್ಲಿಸಿ, "ಈ ಹಂಗಾಮಿನ್ಯಾಗ ಯಾರ್ರಿ ಬ್ಯಾದಾಣಿ ಹಾಕ್ಯಾರ?" ಎಂದು ನನ್ನನ್ನೇ ಕೇಳಿದ. ಇಲ್ಲಿ ಒಣಗಾಕತ್ತಾಕಿ ನಾನ ಒಬ್ಬಾಕಿ, ತಗೋತೀಯೇನ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅಂದಿನಿಂದ ಹೊಟ್ಟೆನೋವು ನಿಂತಿತು. ಜಾಳಿ ಕಟ್ಟಿದ ಮೊದಲ ಬುಧವಾರ ಅವರು ಓಡಿದ ಓಟವನ್ನು ಓಟ ಎನ್ನಬೇಕೋ ಏನೆನ್ನಬೇಕೋ. ದಿಕ್ಕಿಲ್ಲ, ನಿಯಮವಿಲ್ಲ, ಸುಮ್ಮನೆ ಕೇಕೆ ಹಾಕುತ್ತ ಒಬ್ಬರ ಮೇಲೊಬ್ಬರು ಬೀಳುತ್ತ ಓಡಿದರು. ಎಲ್ಲರಿಗಿಂತ ಹೆಚ್ಚು ಹೊಟ್ಟೆನೋವಿನ ಒಬ್ಬ ಕುಳ್ಳಿ ಇದ್ದಳು. ಅವಳು ಓಡಿ ಓಡಿ ನೆಲಕ್ಕೆ ಬಿದ್ದು ಆಕಾಶ ನೋಡುತ್ತ ನಕ್ಕಳು. ನಾನು ಸೀಟಿ ಊದಲಿಲ್ಲ. ಊದಿದ್ದರೂ ಕೇಳುತ್ತಿರಲಿಲ್ಲ.

ಆಮೇಲೆ ಆಟ ಕಲಿಸಿದೆ. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂತು, ಬೆಳಗಿನ ಪಿರಿಯಡ್ಡು ಸಾಲಲಿಲ್ಲ. ಶಾಲೆ ಬಿಟ್ಟ ಮೇಲೆ ಸಂಜೆಯೂ ಆಡಿಸತೊಡಗಿದೆ. ಮಳೆ ಬಿಡುವು ಕೊಟ್ಟ ದಿನಗಳು, ಸಂಜೆ ಹೊಳೆಯ ಕಡೆಯಿಂದ ಒಳ್ಳೆಯ ಬಿಸಿಲು ಬೀಳುತ್ತಿತ್ತು. ಅಲ್ಲೇ ನಾವು ಕೆಟ್ಟದ್ದು.

ಈ ಸೀಮೆಯವರಿಗೆ ಜಾಳಿ ಅಂದರೆ ಬಿಸಿಲಿಗೂ ಹಣ್ಣಿಗೂ ನಡುವೆ ಕಟ್ಟುವ ವಸ್ತು. ಬಿಸಿಲು ಯಾವಾಗಲೂ ಜಾಳಿಯ ಹೊರಗೆ, ಹಣ್ಣು ಒಳಗೆ. ದ್ರಾಕ್ಷಿಯ ನಡುವೆಯೇ ಬೆಳೆದ ಈ ಹುಡುಗಿಯರಿಗಾಗಲಿ, ಜಾಳಿ ಕೊಟ್ಟ ಅಣ್ಣನಿಗಾಗಲಿ, ನನಗಾಗಲಿ ಬಿಸಿಲು ಹಿಂದಿನಿಂದಲೂ ಬರುತ್ತದೆ ಎಂಬುದು ಹೊಳೆಯಲಿಲ್ಲ. ಬೆಳಿಗ್ಗೆ ರಸ್ತೆಯಿಂದ ನೋಡಿದರೆ ಹಸಿರು ಗೋಡೆ, ಏನೂ ಕಾಣುತ್ತಿರಲಿಲ್ಲ. ಸಂಜೆ ಸೂರ್ಯ ನಮ್ಮ ಬೆನ್ನಿಗಿದ್ದ, ರಸ್ತೆ ಎದುರಿಗಿತ್ತು, ನಡುವೆ ತೆಳ್ಳನೆಯ ಹಸಿರು ಪರದೆ. ಓಡುವ ಒಬ್ಬೊಬ್ಬ ಹುಡುಗಿಯ ನೆರಳೂ ಆಳೆತ್ತರದಲ್ಲಿ ಕಡುಕಪ್ಪಾಗಿ ಆ ಪರದೆಯ ಮೇಲೆ ಬೀಳುತ್ತಿತ್ತು. ನಾವು ಒಳಗೆ ಯಾರೂ ನೋಡುತ್ತಿಲ್ಲವೆಂದು ಆಡುತ್ತಿದ್ದೆವು, ಹೊರಗೆ ಊರಿಗೆ ಊರೇ ತೊಗಲುಗೊಂಬೆಯಾಟ ನೋಡುವ ಹಾಗೆ ನೋಡುತ್ತಿತ್ತು.

ಒಂದು ಬೆಳಿಗ್ಗೆ ಮುಖ್ಯೋಪಾಧ್ಯಾಯರು ಮಾತಿಲ್ಲದೆ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಯಾರೋ ಚಹಾದಂಗಡಿಯಿಂದ ವಿಡಿಯೋ ತೆಗೆದು, ಹಾಡು ಹಚ್ಚಿ, ಸ್ಟೇಟಸ್‌ಗೆ ಹಾಕಿದ್ದರು. ಅದು ಗುಂಪಿನಿಂದ ಗುಂಪಿಗೆ ಹೋಗಿತ್ತು. ಹಸಿರು ಜಾಳಿಯ ಮೇಲೆ ಕಪ್ಪು ನೆರಳುಗಳು ಓಡುತ್ತಿದ್ದವು, ಬಾಗುತ್ತಿದ್ದವು, ಬೀಳುತ್ತಿದ್ದವು. ಒಂದೇ ಒಂದು ಮುಖ ಇರಲಿಲ್ಲ. ಆದರೆ ನಮ್ಮ ಊರಿನಲ್ಲಿ ನಡಿಗೆ ನೋಡಿಯೇ ಮನೆತನ ಹೇಳುತ್ತಾರೆ, ಮುಖ ಯಾರಿಗೆ ಬೇಕು? ಮೊಣಕಾಲು ತಾಗುವ ಎರಡು ಜಡೆಗಳು ಹಾರಾಡುವ ನೆರಳು ಬಂದಾಗ ವಿಡಿಯೋ ತೆಗೆದವನ ಹಿಂದಿನಿಂದ ಯಾರೋ ಸಿಳ್ಳು ಹಾಕಿದ್ದು ಕೇಳಿಸಿತು.

"ಈಗರ ಸಾಕ್ರಿ," ಎಂದರು ಮುಖ್ಯೋಪಾಧ್ಯಾಯರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅವರಿಗೂ ಹೆದರಿಕೆಯಾಗಿತ್ತು.

ನಾನು ಹೊರಗೆ ಬರುವಷ್ಟರಲ್ಲಿ ಆ ಹುಡುಗಿಯ ಅಣ್ಣ ಬೇಲಿಯ ಹತ್ತಿರ ನಿಂತು ಗಂಟು ಬಿಚ್ಚುತ್ತಿದ್ದ. ಅವನೇ ಕಲಿಸಿಕೊಟ್ಟ ಗಂಟುಗಳು, ಬಿಚ್ಚಲು ಹೊತ್ತು ಹಿಡಿಯಲಿಲ್ಲ. ತರಗತಿಯ ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು. ರಸ್ತೆಯಾಚೆ ಬಾಕಿನ ಮೇಲಿದ್ದವರು ಚಹಾದ ಕಪ್ಪು ಹಿಡಿದುಕೊಂಡು ಸುಮ್ಮನೆ ನೋಡಿದರು.

"ಜಾಳಿ ನಮ್ದ ಐತ್ರಿ, ಒಯ್ಯಾಕ ಬಂದೇನಿ," ಎಂದ, ನನ್ನ ಮುಖ ನೋಡದೆ.

"ಇದ್ರಾಗ ನಿನ್ನ ತಂಗೀದೇನೂ ತಪ್ಪಿಲ್ಲಪಾ. ತಪ್ಪು ವಿಡಿಯೋ ತಗದಾಂವಂದು."

"ಅವನ್ನ ನಾ ನೋಡ್ಕೋತೀನ್ರಿ. ನಿನ್ನಿ ರಾತ್ರಿಯಿಂದ ಊರಾನ ಮಂದಿ ಎಲ್ಲಾ ನಮ್ಮ ಮನಿ ಹುಡುಗೀನ ಫೋನಿನ್ಯಾಗ ನೋಡಾಕತ್ತಾರ. ಅದೂ ನಮ್ಮ ಜಾಳಿ ಮ್ಯಾಲೆ." ಅವನು ಇನ್ನೊಂದು ಗಂಟು ಎಳೆದ. "ಆಕಿ ಸಾಲಿಗೆ ಬರ್ತಾಳ, ಪಾಠ ಕಲೀತಾಳ. ಆಟ ಬಂದ್. ಆಡಿದ್ಲಂದ್ರ ಸಾಲೀನೂ ಬಂದ್. ನಾ ಸುಮ್ನ ಹೇಳಾಂವಲ್ಲ, ಅಕ್ಕೋರ."

ಸುಮ್ಮನೆ ಹೇಳುವವನಲ್ಲ ಎಂದು ನನಗೂ ಗೊತ್ತಾಯಿತು. ಆ ಸಿಟ್ಟಿನಲ್ಲೂ ಅವನು ಜಾಳಿಯನ್ನು ಸುರುಳಿ ಮಾಡಿದ್ದು ಮಾತ್ರ ಬಲು ನಾಜೂಕಾಗಿ, ಎಲ್ಲೂ ಎಳೆ ಸಿಕ್ಕದ ಹಾಗೆ. ಕೆಟ್ಟ ಮನುಷ್ಯನಾಗಿದ್ದರೆ ಜಗಳ ಆಡುವುದು ನನಗೆ ಸುಲಭವಿತ್ತು. ಅವನ ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು, ಒಂದು ಕಪ್ಪು ಚಹಾ ಕೊಟ್ಟು ಕೂರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ನಿಂತೆ.

ಮುಂದಿನ ಶುಕ್ರವಾರ ಎರಡನೇ ಪಿರಿಯಡ್ಡಿಗೆ ಎಲ್ಲರೂ ಮತ್ತೆ ಕಟ್ಟೆಯ ಮೇಲೆ ಕೂತಿದ್ದರು. ಎತ್ತರದ ಹುಡುಗಿ ತುದಿಯಲ್ಲಿ, ಜಡೆಗಳನ್ನು ಮಡಚಿ ಮೇಲೆ ಕಟ್ಟಿಕೊಂಡು ಕೂತಿದ್ದಳು. ಮೈದಾನ ರಸ್ತೆಯವರೆಗೂ ಬೋಳಾಗಿ ಬಿದ್ದಿತ್ತು. ನಾನು ಬೈಯಲಿಲ್ಲ, ನನ್ನ ಹತ್ತಿರ ಬೈಗುಳ ಉಳಿದಿರಲಿಲ್ಲ. ಕ್ರೀಡಾಕೂಟಕ್ಕೆ ಇನ್ನೊಂದು ವಾರವಿತ್ತು. ಮುಖ್ಯೋಪಾಧ್ಯಾಯರಿಗೆ ಪಿರಿಯಡ್ಡು ಬಿಟ್ಟುಕೊಡುವುದು ಹೇಗೆ, ಯಾವ ಮಾತಿನಲ್ಲಿ ಎಂದು ಯೋಚಿಸುತ್ತ ನಿಂತಿದ್ದೆ.

ಆಗ ಆ ಕುಳ್ಳ ಹುಡುಗಿ ಮೆಲ್ಲಗೆ ಕೇಳಿದಳು. "ಅಕ್ಕೋರ, ಆ ವಿಡಿಯೋ ನಿಮ್ಮ ಫೋನಿನ್ಯಾಗ ಐತೇನ್ರಿ?"

"ಯಾಕ?"

"ಊರಾನ ಮಂದಿ ಎಲ್ಲಾ ನೋಡ್ಯಾರ್ರಿ. ನಾವ ನೋಡಿಲ್ಲ."

ಹೌದಲ್ಲ ಎನಿಸಿತು. ಮನೆಗಳಲ್ಲಿ ಫೋನು ಇವರ ಕೈಗೆ ಸಿಗುವುದು ಅಷ್ಟರಲ್ಲೇ ಇದೆ, ಈ ವಿಡಿಯೋ ಅಂತೂ ಬಚ್ಚಿಟ್ಟೇ ಇಟ್ಟಿದ್ದರು. ತೋರಿಸಬೇಕೋ ಬೇಡವೋ ಎಂದು ನಾನು ಬಹಳ ಹೊಯ್ದಾಡಿದೆ. ಅಳುತ್ತಾರೆ, ಇನ್ನಷ್ಟು ಮುದುಡಿಕೊಳ್ಳುತ್ತಾರೆ ಎಂಬ ಭಯ. ಅದು ಅಷ್ಟರಲ್ಲಿ ನನ್ನ ಫೋನಿಗೂ ಬಂದಿತ್ತು. ಕೊನೆಗೆ ಹಾಡಿನ ಸದ್ದು ತೆಗೆದುಹಾಕಿ ಫೋನನ್ನು ಅವರ ನಡುವೆ ಇಟ್ಟೆ.

ತಲೆಗಳೆಲ್ಲ ಒಂದೆಡೆ ಸೇರಿದವು. ವಿಡಿಯೋ ಮುಗಿಯಿತು. ಇನ್ನೊಮ್ಮೆ ಹಚ್ಚಿ ಎಂದರು, ಹಚ್ಚಿದೆ.

"ಇಕಿ ಯಾರ ಬೇ, ಇಷ್ಟ ಜೋರ ಓಡಾಕತ್ತಾಳ?" ಎಂದು ಕುಳ್ಳಿ ಕೇಳಿದಳು.

"ನೀನ ಅಲ್ಲೇನ ಅದು?" ಎಂದಳು ಪಕ್ಕದವಳು.

ಕುಳ್ಳಿ ಫೋನಿಗೆ ಮುಖ ತಾಗಿಸಿ ನೋಡಿದಳು. ತಾನು ಓಡುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಯಾರು ತಾನೇ ನೋಡಿರುತ್ತಾರೆ? ಕನ್ನಡಿಯ ಮುಂದೆ ನಿಂತು ಬೊಟ್ಟು ಇಟ್ಟುಕೊಂಡದ್ದನ್ನು ನೋಡಿದ್ದಾರೆ, ಮದುವೆ ಮನೆಯ ಫೋಟೋದಲ್ಲಿ ಸೀರೆಯ ಅಂಚು ಹಿಡಿದು ನಿಂತದ್ದನ್ನು ನೋಡಿದ್ದಾರೆ. ಓಡುವ ತಮ್ಮನ್ನು ಅವರು ಮೊದಲ ಸಲ ನೋಡುತ್ತಿದ್ದರು. ಕಟ್ಟೆಯ ಮೇಲಿನ ಗಾಳಿಯೇ ಬದಲಾಯಿತು. ಇದು ನಾನು, ಅದು ನೀನು ಎಂದು ಬೆರಳುಗಳು ಫೋನಿನ ಮೇಲೆ ಬೀಳತೊಡಗಿದವು. ಆಮೇಲೆ ತಪ್ಪು ಹುಡುಕಲು ಶುರು ಮಾಡಿದರು. ಕಂಬದ ಹತ್ತಿರ ನಿಂತೇಬಿಡುತ್ತೀ, ತಿರುಗುವಾಗ ಎರಡು ಹೆಜ್ಜೆ ಹೆಚ್ಚು ಹಾಕುತ್ತೀ ಎಂದು ಒಬ್ಬರಿಗೊಬ್ಬರು ಬೈದುಕೊಂಡರು. ನಾನು ತಿಂಗಳುಗಟ್ಟಲೆ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಮಾತುಗಳನ್ನೇ ಅವರು ತಾವೇ ಹೇಳಿಕೊಂಡರು.

ಎತ್ತರದ ಹುಡುಗಿ ಕೊನೆಗೆ ಫೋನು ಇಸಿದುಕೊಂಡಳು. ತನ್ನ ನೆರಳು ಬರುವ ಜಾಗವನ್ನೇ ಮತ್ತೆ ಮತ್ತೆ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಅದು ನಾಚಿಕೆಯದಲ್ಲ. ಚಂದದ ವಸ್ತುವೊಂದು ತನ್ನದೆಂದು ಗೊತ್ತಾದ ಗಳಿಗೆಯಲ್ಲೇ ಅದನ್ನು ಕಸಿದುಕೊಂಡರೆ ಬರುವ ನೀರು ಅದು. ಫೋನನ್ನು ನನಗೆ ಕೊಟ್ಟು, "ಛಲೋ ಓಡ್ತೀನಲ್ರಿ ನಾ?" ಎಂದು ಕೇಳಿದಳು. ಹೂಂ ಎಂದಷ್ಟೇ ಹೇಳಿದೆ.

ಮೊದಲು ಎದ್ದವಳು ಕುಳ್ಳಿ. ವೇಲು ಬಿಚ್ಚಿ ಕಟ್ಟೆಯ ಮೇಲಿಟ್ಟು, ಆ ಬೋಳು ಮೈದಾನದ ನಡುವೆ ಹೋಗಿ ನಿಂತಳು. ರಸ್ತೆಯಾಚೆ ಯಾರೋ ಸಿಳ್ಳು ಹಾಕಿದರು. ಅವಳ ಕಾಲು ತಡೆದದ್ದು ಕಂಡಿತು. ಆಮೇಲೆ ಇನ್ನಿಬ್ಬರು ಹೋದರು, ಅವರ ಹಿಂದೆ ಉಳಿದವರು. ಎತ್ತರದ ಹುಡುಗಿ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಎದ್ದರೆ ಶಾಲೆ ಹೋಗುತ್ತಿತ್ತು. ಕೂತಲ್ಲಿಂದಲೇ, "ಕಂಬ ಬಿಡಬ್ಯಾಡಲೇ, ಎಡಕ್ಕ ಹೊಳ್ಳ!" ಎಂದು ಗಂಟಲು ಹರಿಯುವ ಹಾಗೆ ಒದರುತ್ತಿದ್ದಳು. ನಾನು ಅಂದಿನಿಂದ ನಿಲ್ಲುವ ದಿಕ್ಕು ಬದಲಿಸಿದೆ. ಬೆನ್ನು ಹುಡುಗಿಯರಿಗೆ, ಮುಖ ಚಹಾದಂಗಡಿಗೆ. ಸೀಟಿ ಬಾಯಲ್ಲಿಟ್ಟುಕೊಂಡು ಬಾಕಿನ ಮೇಲಿದ್ದ ಒಬ್ಬನ ನಂತರ ಒಬ್ಬನನ್ನು ನೋಡುತ್ತ ನಿಲ್ಲುತ್ತಿದ್ದೆ. ಹಾಗೆ ನೋಡಿಸಿಕೊಂಡು ಚಹಾ ಕುಡಿಯುವುದು ಅವರಿಗೂ ಕಷ್ಟವಾಯಿತು.

ಕ್ರೀಡಾಕೂಟ ಕಾಗವಾಡದಲ್ಲಿ. ಬೆಳಿಗ್ಗೆ ಶಾಲೆಯ ಮುಂದೆ ಟೆಂಪೋ ನಿಂತಿತ್ತು, ಹುಡುಗಿಯರು ಹತ್ತುತ್ತಿದ್ದರು. ಎತ್ತರದ ಹುಡುಗಿ ತಾಯಿಯ ಜೊತೆ ಬಂದಳು. ಆಟದ ಬಟ್ಟೆ ತೊಟ್ಟಿದ್ದಳು, ಬುತ್ತಿಯ ಗಂಟು ತಾಯಿಯ ಕೈಯಲ್ಲಿತ್ತು.

"ಕರಕೊಂಡ ಹೋಗ್ರಿ," ಎಂದಳು ತಾಯಿ. "ಮಗ ತ್ವಾಟಕ್ಕ ಹೋಗ್ಯಾನ, ಅವ್ಗ ನಾ ಹೇಳ್ತೀನಿ."

"ಅವ್ನು ಸಾಲಿ ಬಿಡಸ್ತೀನಿ ಅಂದಾನಲ್ರಿ."

"ನಾನೂ ನೋಡೇನ್ರಿ ಆ ವಿಡಿಯೋ," ಎಂದಳು ಆಕೆ. ಮಗಳನ್ನು ಹತ್ತಿಸಿ, ಬುತ್ತಿಯನ್ನು ಅವಳ ಮಡಿಲಿಗಿಟ್ಟು, ಟೆಂಪೋದ ಬಾಗಿಲನ್ನು ತಾನೇ ಹಾಕಿದಳು.

ದಾರಿಯುದ್ದಕ್ಕೂ ಹುಡುಗಿಯರು ಹಾಡು ಹೇಳಿದರು, ನನಗೆ ಒಂದೂ ಕೇಳಿಸಲಿಲ್ಲ. ಒಂದು ಪಂದ್ಯಕ್ಕಾಗಿ ಈ ಹುಡುಗಿ ಶಾಲೆಯನ್ನೇ ಕಳೆದುಕೊಂಡರೆ ಯಾರು ಹೊಣೆ? ತಾಯಿ ಕಳಿಸಿದ್ದಾಳೆ ಎಂಬುದು ನಿಜ, ಆದರೆ ಆ ಮನೆಯಲ್ಲಿ ತಾಯಿಯ ಮಾತು ಎಷ್ಟು ನಡೆಯುತ್ತದೆ ಎಂಬುದೂ ನನಗೆ ಗೊತ್ತಿತ್ತು. ಹಿಂದೆ ಬರುವ ಬೈಕಿನ ಸದ್ದು ಕೇಳಿದಾಗಲೆಲ್ಲ ಕಿಟಕಿಯಿಂದ ಹೊರಗೆ ಇಣುಕುತ್ತಿದ್ದೆ.

ಆ ಪಂದ್ಯ ನಾವು ಸೋತೆವು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಎದುರಿಗೆ ಜುಗೂಳದ ಕಡೆಯ ಹುಡುಗಿಯರು, ಚಿಕ್ಕಂದಿನಿಂದ ಆಡಿದವರು. ಟೀಮ್ ಹೋಯಿತಲ್ಲ, ಮುಖ್ಯೋಪಾಧ್ಯಾಯರು ಮಾತಿಗೆ ತಪ್ಪಲಿಲ್ಲ, ಪಿರಿಯಡ್ಡು ಉಳಿಯಿತು. ಆದರೆ ಆ ಹೊತ್ತಿನಲ್ಲಿ ನನಗೆ ಅಂಕದ ಕಡೆಗೂ ಗಮನವಿರಲಿಲ್ಲ, ಪಿರಿಯಡ್ಡಿನ ಕಡೆಗೂ ಇರಲಿಲ್ಲ. ಕಣ್ಣು ಮೈದಾನದ ಗೇಟಿನ ಮೇಲಿತ್ತು.

ಅವನು ಬಂದದ್ದು ನಮ್ಮ ಹುಡುಗಿಯರು ಬೆನ್ನಟ್ಟುವ ಸರದಿಯಲ್ಲಿ. ಬೆನ್ನಟ್ಟುವ ತಂಡದ ಒಬ್ಬಳು ಮಾತ್ರ ಓಡುತ್ತಾಳೆ. ಉಳಿದವರು ನಡುಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳದು ಈ ಕಡೆ. ಓಡುವವಳು ಹಿಂದಿನಿಂದ ಬಂದು ಮುಟ್ಟಿ 'ಖೋ' ಎಂದಾಗಲೇ ಕೂತವಳು ಏಳಬೇಕು, ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ಎತ್ತರದ ಹುಡುಗಿ ನಡುವಿನ ಚೌಕದಲ್ಲಿ, ಗೇಟಿನ ಕಡೆಗೆ ಮುಖ ಮಾಡಿ ಕೂತಿದ್ದಳು. ಅಣ್ಣ ಬೈಕನ್ನು ಕೆಡವಿದ ಹಾಗೆ ನಿಲ್ಲಿಸಿ, ಜನರನ್ನು ಸರಿಸಿಕೊಂಡು ಬಂದದ್ದನ್ನು ನನಗಿಂತ ಮೊದಲು ಅವಳೇ ನೋಡಿದಳು.

ನಾನು ಓಡಿ ಅಡ್ಡ ನಿಂತೆ. "ಆಟ ಮುಗೀಲಿಪಾ, ಆಮ್ಯಾಲೆ ಏನರ ಮಾತಾಡೂಣು."

"ಅತ್ತಾಗ ಸರೀರಿ, ಅಕ್ಕೋರ." ನನ್ನನ್ನು ದಾಟಿ ಹೋದ. ಸುಣ್ಣದ ಗೆರೆಯ ಒಳಗೆ ಒಂದು ಕಾಲಿಟ್ಟು, ಕೈ ಎತ್ತಿ ಅವಳನ್ನು ಕರೆದ. "ಏಳ. ಏಳಂತೀನಿ. ಮನಿಗಿ ನಡಿ."

ಸುತ್ತ ನಿಂತವರ ಗದ್ದಲ ಒಮ್ಮೆಗೇ ಇಳಿಯಿತು. ನಿರ್ಣಾಯಕರು ಸೀಟಿಯನ್ನು ಬಾಯಿಗೆ ಒಯ್ದರು. ಹುಡುಗಿ ಎರಡೂ ಅಂಗೈ ನೆಲಕ್ಕೂರಿಕೊಂಡು, ಹಿಮ್ಮಡಿ ಎತ್ತಿಕೊಂಡು, ಅವನನ್ನೇ ನೋಡುತ್ತಿದ್ದಳು. ತಲೆ ತಗ್ಗಿಸಲಿಲ್ಲ.

"ಹೆಂಗ ಏಳ್ಲಿ, ಅಣ್ಣಾ?" ಎಂದಳು. ಅದು ಎಲ್ಲರಿಗೂ ಕೇಳಿಸಿತು. "ಇನ್ನಾ ಖೋ ಕೊಟ್ಟಿಲ್ಲ. ಎದ್ರ ಫೌಲ್ ಆಗ್ತೈತಿ."

ನಮ್ಮ ಕಡೆ ಹುಡುಗನಾಗಿದ್ದಾಗ ಖೋ ಖೋ ಆಡದ ಗಂಡಸು ಸಿಗುವುದು ಕಷ್ಟ. ಅಣ್ಣನ ಕಣ್ಣು ಅವಳ ಹಿಮ್ಮಡಿಯ ಮೇಲೆ ಹೋಯಿತು, ಅವಳ ಹಿಂದೆ ಓಡಿ ಬರುತ್ತಿದ್ದ ಕುಳ್ಳಿಯ ಮೇಲೆ ಹೋಯಿತು, ಆಮೇಲೆ ಗೆರೆಯ ಒಳಗಿದ್ದ ತನ್ನದೇ ಕಾಲಿನ ಮೇಲೆ ಬಂತು. ಅವನು ಕಾಲನ್ನು ಹೊರಗೆ ತೆಗೆದುಕೊಂಡ.

"ಖೋ!" ಎಂದಳು ಕುಳ್ಳಿ. ಎತ್ತರದ ಹುಡುಗಿ ಎದ್ದು, ಎದುರು ತಂಡದವಳ ಬೆನ್ನಟ್ಟಿ, ಅವನು ನಿಂತ ಕಡೆಗೇ ಓಡಿಬಂದಳು.